ಬ್ಯಾಟ್‌ಮ್ಯಾನ್ ಚೀಲದಲ್ಲಿ ಪಿಸ್ತೂಲು: ಕಲಬುರಗಿಯ ಒಂದು ವೇಷದ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ. ಬಟ್ಟೆಗೆ ಐದರಲ್ಲಿ ನಾಲ್ಕು ಸ್ಟಾರ್. ಮಾಲಕರ ನಡವಳಿಕೆಗೆ ಐದಕ್ಕೆ ಐದು. ಆದರೆ ಸೆಟ್ ಜೊತೆ ಚೀಲಕ್ಕೆ ತುಂಬಿ ಕೊಡುವ ಸಾಮಾನಿಗೆ ಎರಡೇ. ಆ ಎರಡು ಯಾಕೆ ಅಂತ ಹೇಳೋಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಬರೀ ಬಾಡಿಗೆ ರೇಟು ಬೇಕಾದವರು ನಡುವಿನದನ್ನು ಬಿಟ್ಟು ಸೀದಾ ಕೊನೆಗೆ ಹೋಗಿ.

ಅಂಗಡಿ ಇರುವುದು ಸೂಪರ್ ಮಾರ್ಕೆಟ್ ಕಡೆ ಒಂದು ಗಲ್ಲಿಯಲ್ಲಿ, ಮೆಟ್ಟಿಲು ಹತ್ತಿ ಮೇಲೆ. ಹೆಸರು ಹಾಕುತ್ತಿಲ್ಲ. ಮಾಲಕರು ಒಳ್ಳೆಯ ಮನುಷ್ಯ, ನನ್ನ ತಕರಾರಿನಿಂದ ಅವರ ವ್ಯಾಪಾರಕ್ಕೆ ಪೆಟ್ಟು ಬೀಳುವುದು ಬೇಡ. ಆ ಕಡೆ ಹೋಗಿ ‘ಗ್ಯಾದರಿಂಗ್ ಡ್ರೆಸ್ ಎಲ್ಲಿ ಸಿಗ್ತಾವ್ರಿ’ ಅಂದರೆ ಯಾರಾದರೂ ಕೈ ತೋರಿಸುತ್ತಾರೆ.

ಎರಡು ಕೋಣೆ. ಮುಂದಿನದರಲ್ಲಿ ನಮ್ಮವರು. ಬಸವಣ್ಣ, ಅಕ್ಕಮಹಾದೇವಿ, ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಅಂಬೇಡ್ಕರ್ ಅವರ ನೀಲಿ ಕೋಟು, ಕೃಷ್ಣನ ಕಿರೀಟಗಳ ಒಂದು ಸಾಲು. ಜೊತೆಗೆ ಪೊಲೀಸು, ಯೋಧ, ಡಾಕ್ಟರು, ರೈತ. ಒಳಗಿನ ಕೋಣೆ ಪೂರ್ತಿ ಅಮೆರಿಕ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್, ಹಲ್ಕ್, ಕ್ಯಾಪ್ಟನ್ ಅಮೆರಿಕ. ಮೂಲೆಯಲ್ಲಿ ಒಂದೇ ಒಂದು ಶಕ್ತಿಮಾನ್, ಎದೆಯ ಮೇಲಿನ ಚಕ್ರದ ಬಂಗಾರದ ಬಣ್ಣ ಪೂರ್ತಿ ಹೋಗಿದೆ. ಯಾರೂ ಒಯ್ಯಲ್ವಂತೆ. 1997ರಲ್ಲಿ ದೂರದರ್ಶನದಲ್ಲಿ ಅದು ಶುರುವಾದಾಗ ಟಿವಿ ಇದ್ದ ಮನೆಯ ಮುಂದೆ ಚಪ್ಪಲಿ ಬಿಡೋಕೆ ಜಾಗ ಇರಲಿಲ್ಲ. ಈಗಿನ ಹುಡುಗರಿಗೆ ಅವನು ಯಾರೋ ಗೊತ್ತಿಲ್ಲ.

ನನ್ನ ತಂಗಿ ಮಗ ಎರಡನೇ ಕ್ಲಾಸು. ಶಾಲೆಯ ಗ್ಯಾದರಿಂಗ್‌ಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಅವನಿಗೆ ಬ್ಯಾಟ್‌ಮ್ಯಾನೇ ಆಗಬೇಕಿತ್ತು. ತಂಗಿ ಹೊಲಿಗೆ ಮಿಷನ್ ಬಿಟ್ಟು ಏಳುವಂತಿರಲಿಲ್ಲ, ‘ಅಣ್ಣಾ, ನೀನೇ ಹೋಗಿ ಬಾ’ ಅಂದಳು. ಹೋದೆ.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ನಾನು ಸೈನ್ಯದಿಂದ ನಿವೃತ್ತಿ ಆದವನು. ಈಗ ಒಂದು ಬ್ಯಾಂಕಿನ ಬಾಗಿಲಲ್ಲಿ ಡಬಲ್ ಬ್ಯಾರಲ್ ಬಂದೂಕು ಹಿಡಿದು ನಿಲ್ಲುತ್ತೇನೆ. ಪಾಸ್‌ಬುಕ್ ಎಂಟ್ರಿ ಮಾಡೋದು ಯಾವ ಕೌಂಟರ್ ಅಂತ ಜನ ಮೊದಲು ಕೇಳುವುದು ನನ್ನನ್ನೇ. ಇನ್ನು ಕಾಮಿಕ್ಸ್ ಹುಚ್ಚು ನನಗೆ ಹುಡುಗನಾಗಿದ್ದಾಗಿನಿಂದ ಇದೆ. ನಮ್ಮ ಕಡೆ ಹಿಂದಿ ಓದುವುದು ಕಷ್ಟ ಅಲ್ಲ. ರಾಜ್ ಕಾಮಿಕ್ಸ್‌ನ ನಾಗರಾಜ, ಧ್ರುವ, ಡೋಗಾ, ಎಲ್ಲ ಕೈಯಿಂದ ಕೈಗೆ ದಾಟಿ ಕೊನೆಯ ಪುಟ ಕಿತ್ತುಹೋದ ಮೇಲೆ ನನ್ನ ಹತ್ತಿರ ಬರುತ್ತಿದ್ದವು. ಬ್ಯಾರಕ್‌ನಲ್ಲೂ ಓದಿದೆ. ಈಗ ಫೋನಿನಲ್ಲಿ ಓದುತ್ತೇನೆ, ಡ್ಯೂಟಿ ಮುಗಿದ ಮೇಲೆ. ಮ್ಯಾನೇಜರ್ ಇದನ್ನು ಓದಿದರೆ ಅಂತ ಈ ಮಾತು.

ಸರಿ, ಬಟ್ಟೆಯ ವಿಷಯ. ಒಗೆದು ಇಸ್ತ್ರಿ ಮಾಡಿಯೇ ಕೊಡುತ್ತಾರೆ, ಹಿಂದಿನವರ ಬೆವರಿನ ವಾಸನೆ ಇಲ್ಲ. ಬೇರೆ ಕಡೆ ಬಾಡಿಗೆ ತಂದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಹೊಲಿಗೆ ಗಟ್ಟಿ. ಬ್ಯಾಟ್‌ಮ್ಯಾನ್ ಹೊದಿಕೆಗೆ ಕುತ್ತಿಗೆ ಹತ್ತಿರ ಗಂಟು ಇಲ್ಲ, ವೆಲ್ಕ್ರೋ ಹಚ್ಚಿದ್ದಾರೆ. ಯಾರಾದರೂ ಹಿಂದಿನಿಂದ ಎಳೆದರೆ ಬಿಚ್ಚಿಕೊಳ್ಳುತ್ತದೆ, ಕುತ್ತಿಗೆ ಬಿಗಿಯಲ್ಲ. ಇದನ್ನು ಯೋಚಿಸಿ ಮಾಡಿದವರಿಗೆ ಒಂದು ಸಲಾಮು. ಸೂಪರ್‌ಮ್ಯಾನ್‌ಗೆ ತೋಳು, ಎದೆಯೊಳಗೆ ಸ್ಪಂಜು ತುಂಬಿದ್ದಾರೆ. ನಮ್ಮ ಬಿಸಿಲಿಗೆ ಅದು ಆಗಿಬರಲ್ಲ. ಡಿಸೆಂಬರ್, ಜನವರಿ ಸರಿ. ಮಾರ್ಚ್ ದಾಟಿದ ಮೇಲೆ ಆ ಸೆಟ್ ಹಾಕಿದರೆ ಹುಡುಗ ಸ್ಟೇಜ್ ಹತ್ತುವ ಮೊದಲೇ ಬೆಂದುಹೋಗುತ್ತಾನೆ.

ಬ್ಯಾಟ್‌ಮ್ಯಾನ್ ಚೀಲ ಬಿಚ್ಚಿ ಕೌಂಟರ್ ಮೇಲೆ ಹರಡಿದೆ. ಸಾಮಾನು ತೆಗೆದುಕೊಳ್ಳುವಾಗ ಎಣಿಸಿ ತೆಗೆದುಕೊಳ್ಳುವುದು ಹಳೇ ಚಾಳಿ. ಕರಿ ಅಂಗಿ-ಪ್ಯಾಂಟು ಕೂಡಿ ಹೊಲಿದದ್ದು, ಜಿಪ್ ಬೆನ್ನಿಗೆ. ಹೊದಿಕೆ. ಮುಖವಾಡ, ಬಲಗಿವಿ ಸ್ವಲ್ಪ ಬಾಗಿದೆ, ಒಳಗೆ ಮೂಗಿಗೆ ಒತ್ತದ ಹಾಗೆ ಬಟ್ಟೆ ಅಂಟಿಸಿದ್ದಾರೆ. ಹಳದಿ ಬೆಲ್ಟು, ಅದಕ್ಕೆ ಸಣ್ಣ ಸಣ್ಣ ಕಿಸೆ. ಕೊನೆಗೆ ಚೀಲದ ತಳದಿಂದ ಠಣ್ ಅಂತ ಒಂದು ಬಿತ್ತು. ಬೆಳ್ಳಿ ಬಣ್ಣದ ಪಿಸ್ತೂಲು. ದೀಪಾವಳಿಯಲ್ಲಿ ಕೆಂಪು ರೀಲು ಹಾಕಿ ಟಪ್ ಟಪ್ ಹೊಡೀತಾರಲ್ಲ, ಅದೇ.

‘ಇದು ಪೊಲೀಸ್ ಸೆಟ್ಟಿಂದು ಬಂದದ ಏನ್ರಿ ಮಾಲಕ್ರೆ?’ ಅಂದೆ.

‘ಇಲ್ರಿ, ಅದರದ್ದೇ. ಸೆಟ್ ತುಂಬಿದಂಗ ಕಾಣ್ಲಿ ಅಂತ ಎಲ್ಲಾಕ್ಕೂ ಒಂದೊಂದು ಹಾಕ್ತೀವಿ. ಹುಡುಗ ಖಾಲಿ ಕೈಲಿಂದ ಸ್ಟೇಜ್ ಮ್ಯಾಲ ನಿಂತು ಏನ್ ಮಾಡ್ಬೇಕ್ರಿ?’

ಬ್ಯಾಟ್‌ಮ್ಯಾನ್ ಕೈಗೆ ಪಿಸ್ತೂಲು ಕೊಡುವುದು ಅಂದರೆ ಏನು ಅಂತ ಅವರಿಗೆ ಹೇಳಿದೆ. ಆ ಮನುಷ್ಯನ ಅಪ್ಪ-ಅಮ್ಮ ಸತ್ತದ್ದೇ ಒಬ್ಬ ಪುಂಡನ ಗುಂಡಿಗೆ, ಅವನ ಕಣ್ಣೆದುರಿಗೆ. ಬಂದೂಕು ಮುಟ್ಟಲ್ಲ, ಕೊಲ್ಲಲ್ಲ ಅನ್ನುವುದೇ ಅವನ ಕಥೆಯ ಬೆನ್ನೆಲುಬು. ಅದನ್ನು ತೆಗೆದರೆ ಉಳಿಯುವವನು ರಾತ್ರಿ ಮುಖ ಮುಚ್ಚಿಕೊಂಡು ತಿರುಗುವ ಒಬ್ಬ ಶ್ರೀಮಂತ.

ಮಾಲಕರು ತಲೆ ಆಡಿಸಿದರು. ಆದರೆ ಅವರ ಮಗ ಅಲ್ಲೇ ಸ್ಟೂಲ್ ಮೇಲೆ ಕೂತಿದ್ದ. ಇಂಜಿನಿಯರಿಂಗ್ ಓದುತ್ತಿದ್ದಾನೆ, ಸಂಜೆ ಹೊತ್ತು ಅಂಗಡಿಯಲ್ಲಿ ಇರುತ್ತಾನೆ. ಅವನು ಫೋನಿನಿಂದ ಕಣ್ಣು ತೆಗೆಯದೆ ಅಂದ, ‘ಅಂಕಲ್, ಮೊದಮೊದಲು ಅವನೂ ಕೊಲ್ತಿದ್ದ.’

ನಿಜ. ಹುಡುಗ ಓದಿಕೊಂಡವನು. ಬ್ಯಾಟ್‌ಮ್ಯಾನ್ ಮೊದಲ ಸಲ ಅಚ್ಚಾದದ್ದು 1939ರ ಮೇ ತಿಂಗಳ ಡಿಟೆಕ್ಟಿವ್ ಕಾಮಿಕ್ಸ್ 27ನೇ ಸಂಚಿಕೆಯಲ್ಲಿ. ಆ ಮೊದಲ ಕಥೆಯಲ್ಲೇ ಅವನ ಗುದ್ದಿಗೆ ಒಬ್ಬ ಖದೀಮ ಆಸಿಡ್ ತೊಟ್ಟಿಗೆ ಬಿದ್ದು ಸಾಯುತ್ತಾನೆ. ಬ್ಯಾಟ್‌ಮ್ಯಾನ್‌ಗೆ ಬೇಜಾರೂ ಆಗಲ್ಲ. ಆ ವರ್ಷ ಅವನ ಕೈಯಲ್ಲಿ ಪಿಸ್ತೂಲೂ ಕಾಣುತ್ತದೆ. 1940ರಲ್ಲಿ ಅವನದೇ ಹೆಸರಿನ ಪುಸ್ತಕ ಶುರುವಾದಾಗ, ವಿಮಾನದಿಂದ ಮಷಿನ್‌ಗನ್ ಹೊಡೆಯುತ್ತಾನೆ. ಆಮೇಲೇ ಸಂಪಾದಕ ವಿಟ್ನಿ ಎಲ್ಸ್‌ವರ್ತ್ ತಡೆ ಹಾಕಿದ್ದು. ಇನ್ನು ಮುಂದೆ ಬಂದೂಕು ಬೇಡ, ಕೊಲೆ ಬೇಡ ಅಂತ.

ಅದೇ ಪುಸ್ತಕದ ಇನ್ನೊಂದು ಸಂಗತಿ ನಾನು ಹೇಳಿದೆ. ಬ್ಯಾಟ್‌ಮ್ಯಾನ್‌ನ ದೊಡ್ಡ ವೈರಿ ಜೋಕರ್ ಮೊದಲು ಬಂದದ್ದೂ ಅದರಲ್ಲೇ. ಅವನು ಅದೇ ಸಂಚಿಕೆಯಲ್ಲಿ ಸಾಯಬೇಕಿತ್ತು. ಚಾಕು ಎದೆಗೆ ನಾಟಿ ಬೀಳುತ್ತಾನೆ. ಇದೇ ಎಲ್ಸ್‌ವರ್ತ್ ‘ಇಂಥ ವಿಲನ್‌ನನ್ನ ಸಾಯಿಸಬೇಡಿ’ ಅಂದ ಮೇಲೆ, ಅವನು ಬದುಕಿದ್ದಾನೆ ಅಂತ ತೋರಿಸುವ ಒಂದು ಚಿತ್ರ ಕೊನೆಗೆ ಸೇರಿಸಿದರು.

ಮಾಲಕರು ಜೋರಾಗಿ ನಕ್ಕರು. ‘ಮತ್ತ ಅಷ್ಟೇ ಅಲ್ರಿ! ವಿಲನ್ ಸತ್ರ ಮುಂದಿನ ತಿಂಗಳ ಧಂದಾ ಹ್ಯಾಂಗ ನಡೀಬೇಕು?’

ಅಪ್ಪಟ ವ್ಯಾಪಾರಸ್ಥರ ಮಾತು, ಸುಳ್ಳೂ ಅಲ್ಲ. ಕೊಲ್ಲಬಾರದು ಅನ್ನುವ ನಿಯಮ ಹುಟ್ಟಿದ್ದರ ಹಿಂದೆ ಮಕ್ಕಳ ಪುಸ್ತಕ ಅನ್ನುವ ಎಚ್ಚರಿಕೆಯೂ ಇತ್ತು, ಧಂದಾನೂ ಇತ್ತು. ಆದರೆ ಯಾವ ಕಾರಣಕ್ಕೆ ಹುಟ್ಟಿತು ಅನ್ನುವುದರಿಂದ ನಿಯಮ ಕೆಟ್ಟದ್ದಾಗಲ್ಲ. ಬ್ಯಾಂಕಿನಲ್ಲಿ ಹೆಲ್ಮೆಟ್ ತೆಗೆದು ಒಳಗೆ ಬನ್ನಿ ಅನ್ನುತ್ತೇವೆ. ಅದು ಕ್ಯಾಮೆರಾಕ್ಕೆ ಮುಖ ಕಾಣಲಿ ಅಂತ, ನಿಮ್ಮ ತಲೆಗೆ ಗಾಳಿ ಆಡಲಿ ಅಂತ ಅಲ್ಲ. ಹಾಗಂತ ತಲೆಗೆ ಗಾಳಿ ಆಡುವುದೇನೂ ನಿಲ್ಲಲ್ಲ.

ಈಗ ನನ್ನ ತಕರಾರಿನ ಅಸಲಿ ವಿಷಯಕ್ಕೆ ಬರುತ್ತೇನೆ. ಪಿಸ್ತೂಲು ಆಟಿಕೆ ಅನ್ನುವುದು ನನಗೂ ಗೊತ್ತು. ಮಕ್ಕಳು ಆಟಿಕೆ ಬಂದೂಕು ಹಿಡಿಯಲೇಬಾರದು ಅನ್ನುವವನೂ ನಾನಲ್ಲ. ಹೊಟ್ಟೆಪಾಡಿಗೆ ಬಂದೂಕು ಹಿಡಿದವನು ಹಾಗಂದರೆ ನಗೆಪಾಟಲು. ನನಗೆ ಸರಿಬರದೇ ಇರುವುದು ಮುಖವಾಡ, ಪಿಸ್ತೂಲು ಎರಡೂ ಒಂದೇ ಚೀಲದಲ್ಲಿ ಇರುವುದು.

ನನ್ನ ಬಂದೂಕಿನ ಲೆಕ್ಕ ಕೇಳಿ. ಅದಕ್ಕೆ ಒಂದು ನಂಬರ್ ಇದೆ. ಆ ನಂಬರ್ ಲೈಸೆನ್ಸ್ ಪುಸ್ತಕದಲ್ಲಿದೆ. ಪುಸ್ತಕದಲ್ಲಿ ನನ್ನ ಫೋಟೋ ಇದೆ, ಅಪ್ಪನ ಹೆಸರಿದೆ, ಮನೆ ವಿಳಾಸ ಇದೆ. ಕಾಡತೂಸು ಎಷ್ಟು ಇಟ್ಟುಕೊಳ್ಳಬಹುದು ಅಂತ ಬರೆದಿದೆ. ಕೊಂಡರೆ ಅದನ್ನೂ ಅಲ್ಲಿ ಏರಿಸುತ್ತಾರೆ. ಎದೆಯ ಮೇಲೆ ನನ್ನ ಹೆಸರಿನ ಪಟ್ಟಿ ಇದೆ, ಓದು ಬರುವ ಯಾರೇ ಆದರೂ ಓದಬಹುದು. ಸೈನ್ಯದಲ್ಲಿ ಇನ್ನೂ ಬಿಗಿ. ಫೈರಿಂಗ್ ರೇಂಜ್‌ನಲ್ಲಿ ಹೊಡೆದ ಪ್ರತಿ ಗುಂಡಿನ ಖಾಲಿ ಖೋಖಾ ಎಣಿಸಿ ವಾಪಸ್ ಕೊಡಬೇಕು. ಒಂದು ಕಡಿಮೆ ಬಿದ್ದರೂ ಎಲ್ಲರೂ ಹುಲ್ಲಿನಲ್ಲಿ ಬಗ್ಗಿ ಹುಡುಕಬೇಕು. ಕತ್ತಲಾದರೆ ಟಾರ್ಚ್ ಹಿಡಿದು. ಕಾಗದದ ಬೋರ್ಡಿಗೆ ಹೊಡೆದ ಗುಂಡಿಗೇ ಇಷ್ಟು ಲೆಕ್ಕ. ರಾತ್ರಿ ಪಹರೆಯಲ್ಲಿ ಯಾರಾದರೂ ಬಂದರೆ ಮೊದಲು ‘ಥಮ್, ಕೌನ್ ಆತಾ ಹೈ’ ಅಂತ ಕೂಗಬೇಕು. ಸೀದಾ ಕುದುರೆ ಎಳೆಯುವಂತಿಲ್ಲ.

ಕಾನೂನೂ ಹೀಗೇ ಇದೆ. ಆತ್ಮರಕ್ಷಣೆಯ ವಿಷಯ ಮೊದಲು ಐಪಿಸಿಯ ಸೆಕ್ಷನ್ 96ರಿಂದ 106ರವರೆಗೆ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು, ಅದರಲ್ಲಿ 34ರಿಂದ 44. ಆತ್ಮರಕ್ಷಣೆಯ ಹಕ್ಕು ಎಲ್ಲರಿಗೂ ಇದೆ. ನಿಮ್ಮದೇ ಜೀವ ಆಗಬೇಕು ಅಂತಿಲ್ಲ, ಪಕ್ಕದವನ ಜೀವ ಉಳಿಸೋಕೂ ಇದೆ. ಸಾವೋ ದೊಡ್ಡ ಗಾಯವೋ ಆಗುತ್ತದೆ ಅನ್ನುವ ನಿಜವಾದ ಭಯ ಇದ್ದರೆ ಎದುರಿನವನ ಪ್ರಾಣ ಹೋದರೂ ಅದು ಅಪರಾಧ ಅಲ್ಲ. ಆದರೆ ಎರಡು ಕಟ್ಟು ಇದೆ. ಅಗತ್ಯಕ್ಕಿಂತ ಜಾಸ್ತಿ ಪೆಟ್ಟು ಕೊಡುವಂತಿಲ್ಲ. ಜೀವದ ಅಪಾಯ ಇರುವಷ್ಟು ಹೊತ್ತು ಮಾತ್ರ ಆ ಹಕ್ಕು. ಅವನು ಆಯುಧ ಬಿಸಾಕಿ ಕೈ ಎತ್ತಿದ ಮೇಲೆ ಹೊಡೆದರೆ ಅದಕ್ಕೆ ಕೊಲೆ ಅಂತಲೇ ಹೆಸರು. ಹೊಡೆದವನು ಆಮೇಲೆ ಕೋರ್ಟಿನ ಕಟಕಟೆಯಲ್ಲಿ ನಿಂತು, ಯಾಕೆ ಹೊಡೆದೆ ಅಂತ ಹೇಳಬೇಕು.

ಅಲ್ಲಿ ನಿಲ್ಲೋಕೆ ಮುಖ ಬೇಕು, ಹೆಸರು ಬೇಕು. ಮುಖವಾಡ ಹಾಕಿದವನಿಗೆ ಎರಡೂ ಇಲ್ಲ. ಅವನು ತಪ್ಪು ಮನೆಗೆ ನುಗ್ಗಿ ತಪ್ಪು ಮನುಷ್ಯನನ್ನು ಕೊಂದರೆ ಸತ್ತವನ ಹೆಂಡತಿ ಯಾರ ಮೇಲೆ ಕಂಪ್ಲೇಂಟ್ ಕೊಡಬೇಕು? ಬಾವಲಿ ಮೇಲಾ? ಕೊಲ್ಲಲ್ಲ ಅನ್ನುವುದು ಬ್ಯಾಟ್‌ಮ್ಯಾನ್‌ನ ದೊಡ್ಡಗುಣ ಅಂತ ಎಲ್ಲರೂ ಹೊಗಳುತ್ತಾರೆ. ನನ್ನ ಪ್ರಕಾರ ಅದು ದೊಡ್ಡಗುಣ ಅಲ್ಲ, ಮುಖವಾಡಕ್ಕೆ ಕಟ್ಟಲೇಬೇಕಾದ ಬಾಡಿಗೆ. ನಾನು ಯಾರು ಅಂತ ಹೇಳಲ್ಲ, ಅದಕ್ಕೇ ಸರಿಪಡಿಸೋಕೆ ಆಗದಂಥ ತಪ್ಪು ಮಾಡಲ್ಲ ಅಂತ. ಕಾಲು ಮುರಿದರೆ ಪ್ಲಾಸ್ಟರ್ ಹಾಕಬಹುದು. ಜೈಲಿಗೆ ತಪ್ಪು ಮನುಷ್ಯ ಹೋದರೆ ಬಿಡಿಸಿ ತರಬಹುದು.

ಡೋಗಾ ಹೇಳಿದೆನಲ್ಲ. ಕಸದ ತೊಟ್ಟಿಯಲ್ಲಿ ಸಿಕ್ಕ ಮಗು, ಡಕಾಯಿತನ ಕೈಯಲ್ಲಿ ಬೆಳೆದವನು. ದೊಡ್ಡವನಾದ ಮೇಲೆ ನಾಯಿಯ ಮುಖವಾಡ ಹಾಕಿ ಮುಂಬೈಯಲ್ಲಿ ಗುಂಡು ಹಾರಿಸುತ್ತಾ ಹೋಗುತ್ತಾನೆ. ಓದೋಕೆ ಮಜಾ ಇತ್ತು, ಈಗಲೂ ಇದೆ. ಆದರೆ ಸರ್ಕಸ್‌ನಿಂದ ಬಂದ ಧ್ರುವನ ಹತ್ತಿರ ಯಾವ ಶಕ್ತಿಯೂ ಇಲ್ಲ, ಬೈಕು ಮತ್ತು ಬುದ್ಧಿ ಅಷ್ಟೇ. ಪೊಲೀಸರ ಜೊತೆ ಕೈಗೂಡಿಸಿ ಕೆಲಸ ಮಾಡುತ್ತಾನೆ, ಕೊಲ್ಲಲ್ಲ. ನಮ್ಮೂರಿಗೆ ಇಬ್ಬರಲ್ಲಿ ಒಬ್ಬರನ್ನು ಪೋಸ್ಟಿಂಗ್ ಹಾಕುತ್ತೇವೆ ಅಂದರೆ ನಾನು ಧ್ರುವನನ್ನೇ ಕೇಳುತ್ತೇನೆ. ಡೋಗಾ ಪುಸ್ತಕದಲ್ಲೇ ಇರಲಿ.

ಮಾಲಕರ ಮಗ ಬಿಡಲಿಲ್ಲ. ‘ಅಂಕಲ್, ಜೋಕರ್ ಪ್ರತಿ ಸಲ ತಪ್ಪಿಸ್ಕೊಂಡು ಬರ್ತಾನ. ಬಂದು ಹತ್ತು ಮಂದಿನ್ನ ಕೊಲ್ತಾನ. ಬ್ಯಾಟ್‌ಮ್ಯಾನ್ ಒಮ್ಮೆ ಕೈ ಹೊಲಸು ಮಾಡ್ಕೊಂಡಿದ್ರ ಆ ಹತ್ತು ಮಂದಿ ಉಳೀತಿದ್ರು. ಅವ್ರ ಸಾವು ಯಾರ ತಲೀ ಮ್ಯಾಲ?’

ಇದು ಗಟ್ಟಿ ಪ್ರಶ್ನೆ. ಸುಮ್ನೆ ಬೈದು ಹಾರಿಸುವಂಥದ್ದಲ್ಲ. ನಾನು ಹೇಳಿದ್ದು ಇಷ್ಟು. ಜೋಕರ್ ಯಾರನ್ನೋ ಕೊಲ್ಲುತ್ತಿರುವಾಗ ತಡೆಯೋಕೆ ಬೇರೆ ದಾರಿಯೇ ಇಲ್ಲದೆ ಬ್ಯಾಟ್‌ಮ್ಯಾನ್ ಕೊಂದರೆ, ಅದನ್ನು ನಮ್ಮ ಕಾನೂನೂ ತಪ್ಪು ಅನ್ನಲ್ಲ. ಆದರೆ ಹಿಡಿದು ಕಟ್ಟಿಹಾಕಿದ ಮೇಲೆ ಮುಂದೆ ತಪ್ಪಿಸಿಕೊಳ್ಳಬಹುದು ಅಂತ ಕೊಲ್ಲುವುದು ಬೇರೆ. ತಪ್ಪಿಸಿಕೊಂಡರೆ ಅದು ಜೈಲಿನವರ ತಪ್ಪು. ಬೀಗ ಸರಿ ಮಾಡಿ. ಜೈಲರನ್ನ ಸಸ್ಪೆಂಡ್ ಮಾಡಿ. ಬ್ಯಾಂಕಿನ ಲಾಕರ್ ಬೀಗ ಸಡಿಲ ಇದೆ ಅಂತ ಒಳಗೆ ಬಂದವರನ್ನೆಲ್ಲ ನಾನು ಹೊಡೆಯೋಕೆ ಆಗುತ್ತಾ?

‘ಬೀಗ ಎಂಬತ್ತು ವರ್ಷದಿಂದ ಸರಿ ಆಗಿಲ್ಲಲ್ಲಾ’ ಅಂದ. ಅದೂ ಹೌದು.

ಈ ಜಗಳ ಬರೀ ಕಾಮಿಕ್ಸಿನದ್ದಲ್ಲ. ನಮಗೆ ಹೈದರಾಬಾದ್ ಬೆಂಗಳೂರಿಗಿಂತ ಹತ್ತಿರ. 2019ರ ಡಿಸೆಂಬರ್‌ನಲ್ಲಿ ಅಲ್ಲಿ ಆ ಪಶುವೈದ್ಯೆಯ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ಕು ಜನ ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಜನ ಪೊಲೀಸರ ಮೇಲೆ ಹೂವು ಎರಚಿದರು. ನಮ್ಮ ಬ್ಯಾಂಕಿನ ಕ್ಯೂನಲ್ಲೂ ಅವತ್ತು ಅದೇ ಮಾತು, ಭೇಷ್ ಮಾಡಿದರು ಅಂತ. ಆ ಹೆಣ್ಣುಮಗಳ ಮೇಲೆ ನಡೆದದ್ದು ಕೇಳಿದವರ ರಕ್ತ ಕುದಿಯುವುದು ಸಹಜ. ನನ್ನದೂ ಕುದ್ದಿತ್ತು. ಸುಪ್ರೀಂ ಕೋರ್ಟ್ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಸಿರ್ಪುರ್ಕರ್ ಅವರ ಆಯೋಗದ ವರದಿ 2022ರಲ್ಲಿ ಹೊರಬಂತು. ಪೊಲೀಸರು ಹೇಳಿದ ಕಥೆ ನಂಬುವಂತಿಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ ಅಂತ ಅದು ಹೇಳಿತು. ಆರೋಪಿಗಳಲ್ಲಿ ಮೂವರು ಅಪ್ರಾಪ್ತರು ಅಂತಲೂ ಹೇಳಿತು. ಹೂವು ಎರಚಿದವರಲ್ಲಿ ಎಷ್ಟು ಜನ ಅದನ್ನು ಓದಿದರು?

ಅದಕ್ಕೂ ಮೊದಲೇ, 2014ರಲ್ಲಿ, ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಎನ್‌ಕೌಂಟರ್‌ಗೆ ನಿಯಮ ಹಾಕಿತ್ತು. ಸಾವು ಆದರೆ ಎಫ್‌ಐಆರ್ ಆಗಬೇಕು. ತನಿಖೆ ಸಿಐಡಿಯವರೋ ಬೇರೆ ಠಾಣೆಯವರೋ ಮಾಡಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ನನಗೆ ಬಹಳ ಹಿಡಿಸಿದ ನಿಯಮ ಇನ್ನೊಂದು. ಎನ್‌ಕೌಂಟರ್ ಆದ ಕೂಡಲೇ ಆ ಪೊಲೀಸರಿಗೆ ಶೌರ್ಯ ಪದಕ, ಸರದಿ ತಪ್ಪಿಸಿ ಬಡ್ತಿ ಕೊಡುವಂತಿಲ್ಲ. ಮೊದಲು ವಿಚಾರಣೆ, ಆಮೇಲೆ ಹಾರ. ಸೂಪರ್‌ಹೀರೋಗಳ ಊರಿನಲ್ಲಿ ಇದು ತಿರುಗುಮುರುಗು. ಕಟ್ಟಡ ಬಿದ್ದ ಧೂಳು ಇಳಿಯುವ ಮೊದಲೇ ಮೆರವಣಿಗೆ ಹೊರಡುತ್ತದೆ. 2016ರ ಒಂದು ಸಿನಿಮಾದಲ್ಲಿ ಮಾತ್ರ 117 ದೇಶ ಕೂಡಿ, ಇನ್ನು ಮುಂದೆ ನಮ್ಮನ್ನು ಕೇಳಿ ಹೋಗಬೇಕು ಅಂತ ಹೀರೋಗಳ ಮುಂದೆ ಕಾಗದ ಇಡುತ್ತಾರೆ. ಅರ್ಧ ಜನ ಸಹಿ ಹಾಕಲ್ಲ. ನನಗೆ ಸಹಿ ಹಾಕಿದವರೇ ಸರಿ ಕಂಡರು. ತಂಗಿ ಮಗನಿಗೆ ಅವರೇ ವಿಲನ್.

ಇನ್ನು ಉಳಿದ ಸೆಟ್‌ಗಳು. ಸ್ಪೈಡರ್‌ಮ್ಯಾನ್ ಬಟ್ಟೆ ಚೆನ್ನಾಗಿದೆ, ಆದರೆ ಕಣ್ಣಿನ ಜಾಲಿ ದಪ್ಪ, ಹುಡುಗನಿಗೆ ಮೆಟ್ಟಿಲು ಕಾಣಲ್ಲ. ಹಲ್ಕ್ ಬೇಡ.

ಸೂಪರ್‌ಮ್ಯಾನ್‌ಗೆ ಪಿಸ್ತೂಲು ಹಾಕಿರಲಿಲ್ಲ. ಅವನ ಮೈಯೇ ಆಯುಧ ಅನ್ನುವುದು ಮಾಲಕರಿಗೂ ಗೊತ್ತಿರಬೇಕು. ಮುಖವಾಡವೂ ಇಲ್ಲ, ಅದು ನನಗೆ ಇಷ್ಟ. ಹಾಗಂತ ಅವನು ಕೊಂದೇ ಇಲ್ಲ ಅಂತಲ್ಲ. 2013ರ ಸಿನಿಮಾದಲ್ಲಿ ಝೋಡ್ ಅನ್ನುವ ವಿಲನ್‌ನ ಕತ್ತು ಮುರಿಯುತ್ತಾನೆ. ಎದುರಿಗೆ ಒಂದು ಸಂಸಾರ ಸುಟ್ಟುಹೋಗುವುದರಲ್ಲಿದೆ, ಬೇರೆ ದಾರಿ ಇಲ್ಲ. ಅದು ನಮ್ಮ ನ್ಯಾಯ ಸಂಹಿತೆಯ ಸೆಕ್ಷನ್ 38ರ, ಅಂದರೆ ಜೀವ ಉಳಿಸೋಕೆ ಎದುರಿನವನ ಪ್ರಾಣ ಹೋದರೂ ತಪ್ಪಲ್ಲ ಅನ್ನುವುದರ, ಒಳಗೇ ಬರುತ್ತದೆ ಅನ್ನುತ್ತೇನೆ. 1988ರ ಕಾಮಿಕ್ಸಿನದು ಬೇರೆ. ಅಲ್ಲಿ ಮೂವರು ಅಪರಾಧಿಗಳು ಶಕ್ತಿ ಕಳೆದುಕೊಂಡು ನಿಂತಿರುತ್ತಾರೆ. ಅವನೇ ಜಡ್ಜ್ ಆಗಿ, ಅವನೇ ಶಿಕ್ಷೆ ಕೊಟ್ಟು, ಅವರ ಜಾತಿಗೆ ವಿಷವಾದ ಕ್ರಿಪ್ಟೋನೈಟ್ ಕಲ್ಲಿನಿಂದ ಸಾಯಿಸುತ್ತಾನೆ. ಆಮೇಲೆ ಅದನ್ನು ತಾಳಿಕೊಳ್ಳೋಕೆ ಆಗದೆ ಭೂಮಿಯನ್ನೇ ಬಿಟ್ಟು ಹೋಗುತ್ತಾನೆ. ಬರೆದವರು ಅವನನ್ನು ಸುಮ್ನೆ ಬಿಡಲಿಲ್ಲ ಅನ್ನುವುದು ಒಳ್ಳೆಯದಾಯಿತು. ಕೇಳುವವರು ಯಾರೂ ಇಲ್ಲದಾಗ ತನ್ನನ್ನು ತಾನೇ ಕೇಳಿಕೊಳ್ಳುವವನಾದರೂ ಇರಬೇಕು. ಆದರೆ ಎಲ್ಲರೂ ಅಂಥವರಾಗಿರಲ್ಲ, ಅದಕ್ಕೇ ರಿಜಿಸ್ಟರ್ ಇರುವುದು.

ಗೋಡೆಗೆ ಒಂದು ಕರಿ ಟಿ-ಶರ್ಟೂ ನೇತುಹಾಕಿದ್ದರು, ಎದೆಯ ಮೇಲೆ ಉದ್ದ ಹಲ್ಲಿನ ಬಿಳಿ ತಲೆಬುರುಡೆ. ಪನಿಷರ್. ಬುಲೆಟ್ ಗಾಡಿಗಳ ಟ್ಯಾಂಕ್ ಮೇಲೆ ಈ ಸ್ಟಿಕ್ಕರ್ ನೀವೂ ನೋಡಿರುತ್ತೀರಿ. ಅಂಟಿಸಿದವರಿಗೆ ಅವನು ಯಾರು ಅಂತ ಗೊತ್ತಿರುವುದು ಕಡಿಮೆ. ಅವನು ನನ್ನ ಜಾತಿಯವನೇ, ಅಂದರೆ ಸೈನ್ಯ ಬಿಟ್ಟುಬಂದವನು. ಹೆಂಡತಿ ಮಕ್ಕಳನ್ನು ಗೂಂಡಾಗಳು ಕೊಂದ ಮೇಲೆ ಸಿಕ್ಕ ಅಪರಾಧಿಗಳನ್ನೆಲ್ಲ ಕೊಲ್ಲುತ್ತಾ ಹೋಗುತ್ತಾನೆ. 1974ರಲ್ಲಿ ಸ್ಪೈಡರ್‌ಮ್ಯಾನ್ ಪುಸ್ತಕದಲ್ಲಿ ಮೊದಲು ಬಂದಾಗ ಅವನು ಹೀರೋ ಅಲ್ಲ, ಸ್ಪೈಡರ್‌ಮ್ಯಾನ್‌ನನ್ನೇ ಕೊಲ್ಲೋಕೆ ಬಂದವನು. ತಪ್ಪು ಮಾಹಿತಿ ನಂಬಿಕೊಂಡು! ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಬೇಕಾಗಿಲ್ಲ. ಅಮೆರಿಕದ ಕೆಲವು ಪೊಲೀಸರು ಆ ಬುರುಡೆಯನ್ನು ಗಾಡಿಗೆ ಅಂಟಿಸಿಕೊಂಡರು. 2019ರ ಒಂದು ಸಂಚಿಕೆಯಲ್ಲಿ ಪನಿಷರ್‌ನೇ ಆ ಸ್ಟಿಕ್ಕರ್ ಕಿತ್ತು ಹರಿದು, ನಿಮಗೆ ಮಾದರಿ ಬೇಕಿದ್ದರೆ ಕ್ಯಾಪ್ಟನ್ ಅಮೆರಿಕನನ್ನ ನೋಡಿ, ನನ್ನನ್ನಲ್ಲ ಅಂತ ಪೊಲೀಸರನ್ನು ಬೈಯುತ್ತಾನೆ. ಆ ಟಿ-ಶರ್ಟು ಎಂಟು ವರ್ಷದ ಮಕ್ಕಳ ಅಳತೆಯಲ್ಲಿ ಯಾಕೆ ಇಟ್ಟಿದ್ದೀರಿ ಅಂತ ಕೇಳಿದೆ. ‘ಭೂತದ ವೇಷಕ್ಕ ಒಯ್ತಾರ್ರಿ’ ಅಂದರು ಮಾಲಕರು. ಹಾಗಾದರೆ ಸರಿ, ನನ್ನ ತಕರಾರಿಲ್ಲ.

ಈಗ ಯೋಧನ ಸೆಟ್. ಅದರ ಮೇಲೆ ನನ್ನ ಕಣ್ಣು ಬೀಳದೆ ಇರುತ್ತಾ? ಬಟ್ಟೆ ಪರವಾಗಿಲ್ಲ. ಟೋಪಿಯ ಬ್ಯಾಡ್ಜ್ ಯಾವ ರೆಜಿಮೆಂಟಿನದೂ ಅಲ್ಲ, ಬೇಕರಿಯವರು ಕೇಕ್ ಮೇಲೆ ಹಚ್ಚುವ ಹೂವಿನಂತಿದೆ. ಜೊತೆಗೆ ಪ್ಲಾಸ್ಟಿಕ್ ಬಂದೂಕು. ಇರಲಿ, ಯೋಧನ ಕೈಯಲ್ಲಿ ಬಂದೂಕು ಸರಿಯೇ. ಆದರೆ ಎದೆಯ ಮೇಲೆ ಹೆಸರಿನ ಪಟ್ಟಿ ಖಾಲಿ! ಕರಿ ಪಟ್ಟಿ ಹೊಲಿದಿದ್ದಾರೆ, ಅಕ್ಷರ ಇಲ್ಲ. ಪೊಲೀಸ್ ಸೆಟ್ಟಿಗೂ ಹಾಗೇ. ಮಾಲಕರಿಗೆ ಹೇಳಿದೆ, ‘ಅಲ್ಲಿ ಒಂದು ಬಿಳಿ ಪಟ್ಟಿ ಪಿನ್ ಹಚ್ಚಿ ಕೊಡ್ರಿ. ಒಯ್ಯುವವರು ಸ್ಕೆಚ್ ಪೆನ್ನಿನಿಂದ ಹುಡುಗನ ಹೆಸರು ಬರೀತಾರ. ಬಂದೂಕು ಕೊಡ್ತೀರಿ ಅಂದ್ರ ಹೆಸರೂ ಕೊಡ್ರಿ.’ ಈ ಐಡಿಯಾ ಅವರಿಗೆ ಕೂಡಲೇ ಹಿಡಿಸಿತು. ಕಾರಣ ನನ್ನದಲ್ಲ. ಮಗನ ಹೆಸರು ಎದೆ ಮೇಲೆ ಇದ್ದರೆ ಫೋಟೋ ಚಂದ ಬರುತ್ತದೆ, ಇಪ್ಪತ್ತು ರೂಪಾಯಿ ಜಾಸ್ತಿ ಕೇಳಬಹುದು ಅಂತ. ಮುಂದೆ ಹೋದಾಗ ನೋಡಿದೆ, ಪಟ್ಟಿ ಹಚ್ಚಿದ್ದರು. ಇಪ್ಪತ್ತೂ ಏರಿತ್ತು.

ಬ್ಯಾಟ್‌ಮ್ಯಾನ್ ಪಿಸ್ತೂಲು ನಾನು ಅಲ್ಲೇ ಬಿಟ್ಟು ಬಂದೆ. ಹುಡುಗ ಮನೆಯಲ್ಲಿ ರಂಪ ಮಾಡಿದ. ‘ಮಾಮಾ, ನಿನ್ ಹತ್ರ ಬಂದೂಕು ಅದ, ನನಗ್ಯಾಕ ಬ್ಯಾಡ?’ ನೀನು ಮುಖ ಮುಚ್ಚಿದ್ದೀ, ನಾನು ಮುಚ್ಚಿಲ್ಲ ಅಂದೆ. ಅವನಿಗೆ ಅದು ಒಂದು ಉತ್ತರ ಅಂತಲೇ ಅನಿಸಲಿಲ್ಲ. ಕೊನೆಗೆ ನನ್ನ ಡ್ಯೂಟಿ ಟಾರ್ಚಿನ ಗಾಜಿಗೆ ಕರಿ ಚಾರ್ಟ್ ಪೇಪರ್‌ನಲ್ಲಿ ಬಾವಲಿ ಕತ್ತರಿಸಿ ಅಂಟಿಸಿಕೊಟ್ಟೆ. ಗೋಡೆಗೆ ಬಿಟ್ಟರೆ ಬಾವಲಿಗಿಂತ ರೆಕ್ಕೆ ಒಣಗಿಸುವ ಕಾಗೆಯ ಹಾಗೆ ಕಾಣುತ್ತಿತ್ತು. ಅವನಿಗೆ ಅಷ್ಟೇ ಸಾಕಾಯಿತು. ಸ್ಟೇಜ್ ಮೇಲೆ ಹೆಡ್ ಮಿಸ್ ಮುಖಕ್ಕೇ ಬಿಟ್ಟ. ಮೊದಲ ಬಹುಮಾನ ಮಾತ್ರ ತೊಗರಿ ಗಿಡದ ವೇಷ ಹಾಕಿದ ಹುಡುಗಿಗೆ ಹೋಯಿತು. ಕಲಬುರಗಿಯಲ್ಲಿ ತೊಗರಿ ಬಿಟ್ಟು ಬಾವಲಿಗೆ ಬಹುಮಾನ ಕೊಡೋಕೆ ಆಗುತ್ತಾ? 2019ರಲ್ಲಿ ನಮ್ಮ ತೊಗರಿಗೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಬೇರೆ ಬಂದಿದೆ. ಆ ವೇಷವೂ ಬಾಡಿಗೆಯದಲ್ಲ, ಅವರಮ್ಮ ಮನೆಯಲ್ಲೇ ಹೊಲಿದದ್ದು.

ವಾಪಸ್ ಕೊಡುವಾಗ ಹೊದಿಕೆಯ ವೆಲ್ಕ್ರೋ ಒಂದು ಕಡೆ ಬಿಟ್ಟಿತ್ತು. ಮಾಲಕರು ನೋಡಿ, ‘ಇದು ಹಳೇದ್ರಿ’ ಅಂತ ಡಿಪಾಸಿಟ್‌ನಲ್ಲಿ ಒಂದು ರೂಪಾಯಿ ಮುರಿಯಲಿಲ್ಲ. ಈಗ ಪಿಸ್ತೂಲುಗಳನ್ನೆಲ್ಲ ಬೇರೆ ಡಬ್ಬಿಗೆ ಹಾಕಿಟ್ಟಿದ್ದಾರೆ. ಕೇಳಿದವರಿಗೆ ಕೊಡುತ್ತಾರೆ, ಬ್ಯಾಟ್‌ಮ್ಯಾನ್‌ಗೂ ಕೊಡುತ್ತಾರೆ. ಕೇಳದವರ ಚೀಲಕ್ಕೆ ಹಾಕಲ್ಲ. ಅಷ್ಟಾದರೂ ಆಯಿತು, ಅದಕ್ಕೇ ಎರಡು ಸ್ಟಾರ್. ಮೊದಲು ಒಂದೇ ಅಂದುಕೊಂಡಿದ್ದೆ. ಮಗ ಮಾತ್ರ ಒಪ್ಪಿಲ್ಲ. ನನ್ನನ್ನು ಕಂಡರೆ ‘ಅಂಕಲ್, ಬೀಗ ಸರಿ ಆಯ್ತಾ?’ ಅನ್ನುತ್ತಾನೆ.

ರೇಟು: ಮಕ್ಕಳ ಸೂಪರ್‌ಹೀರೋ ಸೆಟ್ ಒಂದು ದಿನಕ್ಕೆ 300 ರೂಪಾಯಿ, ಡಿಪಾಸಿಟ್ 500. ಮುಂದಿನ ಕೋಣೆಯವು 200ರಿಂದ ಶುರು, ಕಿರೀಟಕ್ಕೆ ಬೇರೆ. ಬೆಳಿಗ್ಗೆ ಒಯ್ದರೆ ಮರುದಿನ ಸಂಜೆಯೊಳಗೆ ತಂದರೂ ಒಂದೇ ದಿನದ ಬಾಡಿಗೆ ಹಿಡಿಯುತ್ತಾರೆ, ಆದರೆ ಮೊದಲೇ ಕೇಳಿಕೊಳ್ಳಿ. ಚೀಲವನ್ನು ಕೌಂಟರ್ ಮೇಲೆಯೇ ಬಿಚ್ಚಿ ನೋಡಿ, ಜಿಪ್ ಎರಡು ಸಲ ಎಳೆದು ನೋಡಿ. ಜನವರಿ 26 ಹತ್ತಿರ ಬಂದರೆ ಯೋಧನ ಸೆಟ್ ಸಿಗಲ್ಲ, ಕೃಷ್ಣಾಷ್ಟಮಿಗೆ ಕಿರೀಟ ಸಿಗಲ್ಲ, ವಾರ ಮೊದಲೇ ಹೇಳಿಡಿ. ಗಾಡಿ ನಿಲ್ಲಿಸೋಕೆ ಗಲ್ಲಿಯಲ್ಲಿ ಜಾಗ ಇಲ್ಲ, ಮೇನ್ ರೋಡಿನಲ್ಲೇ ಬಿಟ್ಟು ನಡೆದು ಹೋಗಿ.